ತಳ್ಳುವ ಮೊದಲೇ ತಡೆಯುವವಳು

ನಾನು ತೈ ಚಿ ಕಲಿತದ್ದು ಪುಸ್ತಕ ಓದಿ. ಆ ವಿದ್ಯೆ ಬಲ್ಲವರ ಮುಂದೆ ಹೀಗೆಂದರೆ ನಗುತ್ತಾರೆ, ನಗುವುದು ನ್ಯಾಯವೇ. ನನ್ನ ಕಪಾಟಿನಲ್ಲಿರುವ ತೈ ಚಿ ಪುಸ್ತಕಗಳೆಲ್ಲ ಮೊದಲ ಪುಟಗಳಲ್ಲೇ ಗುರು ಬೇಕು, ಬರೀ ಓದಿನಿಂದ ಇದು ಹತ್ತುವುದಿಲ್ಲ ಎಂದು ಎಚ್ಚರಿಸುತ್ತವೆ. ಎಚ್ಚರಿಸಿದ ಮೇಲೂ ಇನ್ನೂರು ಮುನ್ನೂರು ಪುಟ ಮುಂದುವರಿಯುತ್ತವೆ. ಆ ಎಚ್ಚರಿಕೆಗೆ ತಲೆದೂಗಿ ನಾನು ಪುಟ ಮಗುಚುತ್ತಿದ್ದೆ. ವರ್ಷಗಟ್ಟಲೆ ಹಾಗೆ ಮಗುಚಿದವಳು ಎಂಥವಳು ಎಂದು ಒಮ್ಮೆ ಕೂತು ನೋಡಿಕೊಳ್ಳಬೇಕೆನಿಸಿದೆ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಮೈಯೆಂಬುದು ನೆನಪಾಗುತ್ತಿದ್ದುದು ಅದು ನೊಂದಾಗ ಮಾತ್ರ. ನಿವೃತ್ತಿಯ ಹೊತ್ತಿಗೆ ಕುತ್ತಿಗೆ, ಸೊಂಟ, ಎಡ ಭುಜ ಮೂರೂ ಸರದಿಯ ಮೇಲೆ ನೆನಪಿಸತೊಡಗಿದ್ದವು. ಇರುವುದು ಮೈಸೂರು. ಇಲ್ಲಿ ಯೋಗ ಕಲಿಯಲು ಹುಡುಕಬೇಕಾಗಿಲ್ಲ, ಬೆಳಗ್ಗೆ ಪಾರ್ಕಿನಲ್ಲಿ ಚಾಪೆ ಹಾಸಿದರೆ ಸಾಕು. ಆದರೆ ಎದುರು ಮನೆಯ ಎಪ್ಪತ್ತು ದಾಟಿದ ಹಿರಿಯರು ಸಲೀಸಾಗಿ ಬಾಗಿ ಹೆಬ್ಬೆರಳು ಹಿಡಿಯುವಾಗ, ಅವರ ಪಕ್ಕದಲ್ಲಿ ಮೊಣಕಾಲ ತನಕವೂ ಬಗ್ಗಲಾಗದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ತೈ ಚಿ ಯಾಕೆ ಎಂದು ಕೇಳಿದವರಿಗೆ ಲಾವ್ ತ್ಸು ಹೆಸರು ಹೇಳುತ್ತಿದ್ದೆ. ಲಾವ್ ತ್ಸು ಇದ್ದದ್ದು ಹೌದು, ಆದರೆ ಅವನಿಗಿಂತ ಮುಂಚೆ ಇನ್ನೊಂದು ಕಾರಣವಿತ್ತು: ನಮ್ಮ ಬೀದಿಯಲ್ಲಿ ತೈ ಚಿ ಯಾರಿಗೂ ಬರುತ್ತಿರಲಿಲ್ಲ. ಹೋಲಿಸುವವರಿಲ್ಲ, ತಿದ್ದುವವರಿಲ್ಲ. ಹೇಗೆ ಕೈ ಆಡಿಸಿದರೂ ನೋಡಿದವರು ಓಹೋ, ಇದು ಹೀಗೇ ಇರಬೇಕು ಅಂದುಕೊಳ್ಳುತ್ತಾರೆ.

ಲಾವ್ ತ್ಸು ನನಗೆ ಸಿಕ್ಕಿದ್ದು ಅನಂತಮೂರ್ತಿಯವರು ಕನ್ನಡಕ್ಕೆ ತಂದ ದಾವ್ ದ ಜಿಂಗ್‌ನಿಂದ. ಚಿಕ್ಕ ಚಿಕ್ಕ 81 ಅಧ್ಯಾಯ. ಹುಟ್ಟಿದಾಗ ಮೈ ಮೆತ್ತಗೆ, ಸತ್ತಾಗ ಸೆಟೆದದ್ದು; ಗಿಡಮರಗಳ ಕತೆಯೂ ಅದೇ; ಆದ್ದರಿಂದ ಸೆಟೆದದ್ದು ಸಾವಿನ ಕಡೆಯದು, ಮೆತ್ತಗಿರುವುದು ಬದುಕಿನ ಕಡೆಯದು ಎಂಬರ್ಥದ ಒಂದು ಅಧ್ಯಾಯವಿದೆ. ದಿವಾನದ ಮೇಲೆ ಎರಡು ದಿಂಬು ಒತ್ತಿಟ್ಟುಕೊಂಡು, ಸೆಟೆದ ಕುತ್ತಿಗೆಯಲ್ಲಿ ಅದನ್ನು ಓದಿ ಪೂರ್ತಿ ಒಪ್ಪಿದೆ. ಒಪ್ಪುವುದಕ್ಕೆ ಮೈ ಕದಲಿಸಬೇಕಾಗಿರಲಿಲ್ಲ. ಏನನ್ನೂ ಒತ್ತಾಯದಿಂದ ಮಾಡಬಾರದೆಂಬ ಅವನ ಮಾತು ನನ್ನ ಸೋಮಾರಿತನಕ್ಕೆ ಎಷ್ಟು ಹೊಂದಿಕೊಂಡಿತೆಂದರೆ, ಅಭ್ಯಾಸ ಮಾಡದ ದಿನ ನಾನು ಅಭ್ಯಾಸ ತಪ್ಪಿಸಿದೆ ಎಂದುಕೊಳ್ಳುತ್ತಿರಲಿಲ್ಲ, ದಾವ್‌ಗೆ ಅನುಸಾರವಾಗಿದ್ದೇನೆ ಎಂದುಕೊಳ್ಳುತ್ತಿದ್ದೆ. ತತ್ತ್ವ ಓದುವವರಿಗೆಲ್ಲ ಈ ಸೌಕರ್ಯ ಇದ್ದೇ ಇದೆ. ನಾನು ತುಸು ಹೆಚ್ಚಾಗಿ ಬಳಸಿಕೊಂಡೆ.

ಆಮೇಲೆ ಇತಿಹಾಸ ಓದಿದೆ. ಜನಪ್ರಿಯ ಕತೆಯಲ್ಲಿ ತೈ ಚಿ ಹುಟ್ಟುವುದು ವುಡಾಂಗ್ ಬೆಟ್ಟದ ಮೇಲೆ. ಜಾಂಗ್ ಸಾನ್‌ಫೆಂಗ್ ಎಂಬ ದಾವ್ ಸಾಧಕ ಹಾವು ಮತ್ತು ಹಕ್ಕಿಯ ಕಾದಾಟ ನೋಡಿ ಇದನ್ನು ಕಂಡುಕೊಂಡನಂತೆ. ಟಾಂಗ್ ಹಾವೋ ಎಂಬ ಚೀನೀ ಇತಿಹಾಸಕಾರ 1930ರ ದಶಕದ ಆರಂಭದಲ್ಲಿ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೋ ಎಂಬ ಹಳ್ಳಿಗೆ ಹೋಗಿ, ಮನೆತನದ ದಾಖಲೆಗಳನ್ನು ತಡಕಿ, ಬೆಟ್ಟದ ಕತೆ ನಿಲ್ಲುವುದಿಲ್ಲ ಎಂದು ತೋರಿಸಿದ. ಅವನ ಲೆಕ್ಕದಲ್ಲಿ ಇದರ ಮೂಲಪುರುಷ 17ನೇ ಶತಮಾನದ ಚೆನ್ ವಾಂಗ್‌ಟಿಂಗ್. ಮಿಂಗ್ ವಂಶಕ್ಕೆ ದುಡಿದು, 1644ರಲ್ಲಿ ಆ ವಂಶವೇ ಬಿದ್ದುಹೋದ ಮೇಲೆ ಊರಿನಲ್ಲಿ ಉಳಿದ ಸೇನಾಧಿಕಾರಿ. ಅದಕ್ಕೂ ಹಿಂದೆ, 16ನೇ ಶತಮಾನದಲ್ಲಿ, ಕಡಲ್ಗಳ್ಳರ ವಿರುದ್ಧ ಕಾದಾಡಿದ ದಂಡನಾಯಕ ಚಿ ಜಿಗುವಾಂಗ್ ತನ್ನ ಸೈನಿಕರಿಗಾಗಿ ಬರೆದ ಕೈಪಿಡಿಯಲ್ಲಿ 32 ಬರಿಗೈ ವರಸೆಗಳ ಚಿತ್ರಗಳಿವೆ. ಬಂಗಾರದ ಹುಂಜ ಒಂಟಿಗಾಲಲ್ಲಿ ನಿಲ್ಲುವ ಭಂಗಿ ಅಲ್ಲಿದೆ, ಒಂಟಿ ಚಾವಟಿ ಎಂಬ ಭಂಗಿಯೂ ಇದೆ. ಇವತ್ತು ಪಾರ್ಕುಗಳಲ್ಲಿ ಮುದುಕರು ಮಾಡುವುದರಲ್ಲೂ ಅವೇ ಹೆಸರುಗಳಿವೆ. ದೊಡ್ಡ ಯುದ್ಧದಲ್ಲಿ ಬರಿಗೈ ವರಸೆಯಿಂದ ಹೆಚ್ಚೇನೂ ಪ್ರಯೋಜನವಿಲ್ಲ, ಆದರೆ ಕೈಕಾಲು ಪಳಗಲು ಹೊಸಬರು ಇಲ್ಲಿಂದ ಶುರುಮಾಡಬೇಕು ಎಂದು ಆ ದಂಡನಾಯಕ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ.

ಇದನ್ನೆಲ್ಲ ಓದಿ ನನಗೆ ನಿರಾಸೆಯಾಯಿತು. ಮಂಜಿನ ಬೆಟ್ಟದ ಮೇಲಿನ ಋಷಿಯನ್ನು ಕಳಕೊಂಡು, ಕೆಲಸ ಹೋದ ಸಿಪಾಯಿಯನ್ನು, ಜೋಳ ಗೋಧಿ ಬೆಳೆಯುವ ಹಳ್ಳಿಯನ್ನು ಪಡೆದಿದ್ದೆ. ಚೆನ್‌ಜಿಯಾಗೋ ಎಂದರೆ ಕೊನೆಗೆ ನಮ್ಮ ಮೈಸೂರಿನ ಗರಡಿಮನೆಯಂಥ ಜಾಗ. ನಾನು ಹುಟ್ಟಿ ಬೆಳೆದ ಬೀದಿಯ ಕೊನೆಯಲ್ಲೇ ಒಂದು ಗರಡಿಯಿತ್ತು. ಹೆಣ್ಣುಮಕ್ಕಳು ಅದರ ಬಾಗಿಲಲ್ಲಿ ಇಣುಕುವಂತೆಯೂ ಇರಲಿಲ್ಲ. ಕೆಮ್ಮಣ್ಣು, ಬೆವರು, ತೊಡೆ ತಟ್ಟುವ ಸದ್ದು. ಅದನ್ನು ಕೀಳೆಂದು ನೋಡಿಯೇ ನಾನು ಓದಿನ ಕಡೆ ಹೋದವಳು. ಈಗ ಸಾವಿರಾರು ಮೈಲಿ ಆಚೆಯ ಇನ್ನೊಂದು ಗರಡಿಯ ಮಣ್ಣಿನಲ್ಲಿ ಹುಟ್ಟಿದ್ದನ್ನು, ಅದು ತತ್ತ್ವದ ಬಟ್ಟೆ ಉಟ್ಟು ಬಂದಿದೆ ಎಂಬ ಕಾರಣಕ್ಕೆ ಒಳಗೆ ಕರೆದುಕೊಂಡಿದ್ದೆ. ಟಾಂಗ್ ಹಾವೋ ಆ ಬಟ್ಟೆ ಸರಿಸಿದಾಗ ನನ್ನ ಜಂಬ ಬಯಲಾಯಿತು.

ಉಪ್ಪಿನ ಅಂಗಡಿಯೊಂದರ ಕತೆ ಓದಿದಾಗ ಮತ್ತೆ ಹುರುಪು ಬಂತು. ವು ಯುಷಿಯಾಂಗ್ ಎಂಬವನು 19ನೇ ಶತಮಾನದ ಓದುಬರಹದ ಮನೆತನದವನು. ಅವನ ಅಣ್ಣ ಅಧಿಕಾರಿಯಾಗಿ ಹೋದ ಊರಿನ ಉಪ್ಪಿನ ಅಂಗಡಿಯೊಂದರಲ್ಲಿ ಒಂದು ಹಸ್ತಪ್ರತಿ ಸಿಕ್ಕಿತಂತೆ. ವಾಂಗ್ ಜೊಂಗ್ಯುಯೆ ಎಂಬವನ ಹೆಸರಿನಲ್ಲಿರುವ, ಒಂದು ಪುಟಕ್ಕಿಂತ ಹೆಚ್ಚಿರದ ಪ್ರಬಂಧ. ತೈ ಚಿಯ ಶಾಸ್ತ್ರಗ್ರಂಥ ಎಂದರೆ ಮುಖ್ಯವಾಗಿ ಅದೇ. ಆ ವಾಂಗ್ ಯಾರೋ, ಇದ್ದನೋ ಇಲ್ಲವೋ ಯಾರೂ ಖಚಿತವಾಗಿ ಹೇಳರು. ವು ಮನೆತನದವರೇ ಬರೆದು ಹಳೆಯ ಹೆಸರು ಹಚ್ಚಿರಬಹುದೆಂಬ ಅನುಮಾನ ವಿದ್ವಾಂಸರಲ್ಲಿದೆ. ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ: ಇಗೋ, ನನ್ನ ಹಾಗೆ ಕಾಗದದಿಂದ ಕಲಿತವನು ಒಬ್ಬ ಸಿಕ್ಕಿದ! ಎರಡು ಪುಟ ಮುಂದೆ ಹೋದರೆ ನಿಜ ಗೊತ್ತಾಯಿತು. ಆ ಕಾಗದ ಕೈಸೇರುವ ಮೊದಲೇ ಅವನು ತನ್ನ ಊರಿನವನೇ ಆದ ಯಾಂಗ್ ಲುಚಾನ್‌ನಿಂದ ಪಾಠ ಹೇಳಿಸಿಕೊಂಡಿದ್ದ. ಅಷ್ಟಕ್ಕೇ ಬಿಡದೆ ಚೆನ್ ಚಿಂಗ್‌ಪಿಂಗ್ ಎಂಬ ಇನ್ನೊಬ್ಬ ಗುರುವಿನ ಬಳಿಗೂ ಹೋಗಿದ್ದ. ಮೈಗೆ ಗೊತ್ತಿದ್ದುದನ್ನು ಕಾಗದದಲ್ಲಿ ಕಂಡು ಹೌದು ಹೌದು ಅಂದವನು ಅವನು. ನಾನು ಮೈಗೆ ಗೊತ್ತಿಲ್ಲದ್ದಕ್ಕೂ ಹೌದು ಹೌದು ಅನ್ನುತ್ತಿದ್ದೆ.

ಆದರೂ ಆ ಒಂದು ಪುಟದ ಪ್ರಬಂಧ ನನ್ನನ್ನು ಬಿಡಲಿಲ್ಲ. ವರ್ಷಗಟ್ಟಲೆ ಸಾಧನೆ ಮಾಡಿದ ಮೇಲೂ ಕೆಲವರು ಎದುರಾಳಿಯ ಕೈಗೇ ಸಿಕ್ಕಿಬೀಳುತ್ತಾರಲ್ಲ, ಅದಕ್ಕೆ ಕಾರಣ ಅವರು ಇಮ್ಮಡಿ ಭಾರದ ದೋಷವನ್ನು ಅರಿಯದಿರುವುದು ಎಂದು ಅದರಲ್ಲಿ ಬರುತ್ತದೆ. ಇಮ್ಮಡಿ ಭಾರವೆಂದರೆ, ಸಾಮಾನ್ಯವಾಗಿ ಹೇಳುವಂತೆ, ಎರಡೂ ಕಾಲಿನ ಮೇಲೆ ಸಮವಾಗಿ ತೂಕ ಬಿಟ್ಟು ನಿಲ್ಲುವುದು. ಹಾಗೆ ನಿಂತವರು ಗಟ್ಟಿಯಾಗಿದ್ದಂತೆ ಕಾಣುತ್ತಾರೆ, ಆದರೆ ಹೆಜ್ಜೆ ಎತ್ತಬೇಕೆಂದರೆ ಮೊದಲು ತೂಕ ಸರಿಸಿಕೊಳ್ಳಬೇಕು, ಅಷ್ಟರಲ್ಲಿ ತಡವಾಗಿರುತ್ತದೆ. ಒಂದು ಕಾಲು ತುಂಬಿರಬೇಕು, ಇನ್ನೊಂದು ಬರಿದಾಗಿರಬೇಕು. ಯಾಂಗ್ ಲುಚಾನ್‌ನ ಮೊಮ್ಮಗ ಯಾಂಗ್ ಚೆಂಗ್‌ಫು ಬಾಯಲ್ಲಿ ಹೇಳಿ ಶಿಷ್ಯ ಚೆನ್ ವೈಮಿಂಗ್ ಬರೆದುಕೊಂಡ ಹತ್ತು ಸೂತ್ರಗಳಲ್ಲಿ ನಾಲ್ಕನೆಯದು ಇದೇ, ತುಂಬಿದ್ದು ಬರಿದಾದದ್ದನ್ನು ಬೇರ್ಪಡಿಸುವುದು.

ಇದನ್ನು ಓದಿ ಎದ್ದು ನಿಂತು ಪರೀಕ್ಷಿಸಿದೆ. ಓದುತ್ತಿದ್ದವಳು ಪುಸ್ತಕ ಮಡಚಿ ಎದ್ದದ್ದು ಅದೇ ಮೊದಲೆಂದು ಕಾಣುತ್ತದೆ. ಎದ್ದು ನಿಂತರೆ ಕಾಲುಗಳು ತಾವಾಗಿಯೇ ಕೂಡಿಕೊಂಡವು. ಭುಜದಗಲಕ್ಕೆ ಕಾಲಿಡಬೇಕು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಭುಜದಗಲ ಎಂದರೆ ಏನು ಮಹಾ ಅಗಲ? ಆದರೂ ಮನೆಯಲ್ಲಿ ಯಾರೂ ಇಲ್ಲದಾಗ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಕಾಲು ಅಗಲಿಸಿ ನಿಂತಾಗ ಮುಖ ಬಿಸಿಯಾಯಿತು. 'ಕಾಲು ಕೂಡಿಸ್ಕೊಂಡು ನಿಂತ್ಕೊಳೇ' ಎಂದು ನಮ್ಮಮ್ಮ ಹೇಳಿದ್ದು ಐವತ್ತು ವರ್ಷದ ಹಿಂದೆ. ಅವರು ತೀರಿಕೊಂಡೇ ಬಹಳ ಕಾಲವಾಯಿತು. ತೊಡೆಸಂದು ಸಡಿಲಿಸಿ, ಕುರ್ಚಿಗೆ ಕೂರುವ ಹಾಗೆ ತುಸು ಕೂತು, ಒಂದು ಕಾಲಿಗೆ ತೂಕ ಬಿಡುವುದು. ಇಷ್ಟನ್ನು ಕಲಿಯುವುದರಲ್ಲೇ ನನಗೆ ಗೊತ್ತಾದದ್ದು, ತೈ ಚಿಯಲ್ಲಿ ಕಷ್ಟದ್ದೆಂದು ಪುಸ್ತಕಗಳು ಹೇಳುವುದೆಲ್ಲ ನನ್ನ ಪಾಲಿಗೆ ಆಮೇಲಿನ ಮಾತು. ಗಂಡಸರು ಬರೆದ ಆ ಪುಸ್ತಕಗಳಲ್ಲಿ ಯಾವುದೂ ಈ ಮೊದಲ ಕಷ್ಟದ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಇಮ್ಮಡಿ ಭಾರದ ಮಾತು ಮನಸ್ಸಿಗೆ ನಾಟಿದ್ದಕ್ಕೆ ಇನ್ನೊಂದು ಕಾರಣವಿತ್ತು. ತರಗತಿಯಲ್ಲಿ, ವಿಚಾರಸಂಕಿರಣಗಳಲ್ಲಿ ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ ಎನ್ನುವುದು ನನ್ನ ಪದ್ಧತಿ. ಸಮತೋಲದ ವಿಮರ್ಶಕಿ ಎಂದು ಹೊಗಳಿಸಿಕೊಂಡಿದ್ದೇನೆ. ವಿಭಾಗದಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಅನ್ಯಾಯವಾದಾಗಲೂ ಎರಡೂ ಕಡೆಯವರ ಮಾತು ಕೇಳಬೇಕೆಂದು ಹೇಳಿ, ಕೇಳುತ್ತಲೇ ಕೂತೆ. ಅವರು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ಯಾವ ಕಾಲೂ ಬರಿದಾಗಿರಲಿಲ್ಲ, ಹಾಗಾಗಿ ಹೆಜ್ಜೆಯೂ ಇರಲಿಲ್ಲ.

ಚಿತ್ರಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಪುಸ್ತಕದಿಂದ ಕಲಿಯುವವರು ಕೊನೆಗೆ ನೆಚ್ಚುವುದು ಚಿತ್ರಗಳನ್ನು. ಯಾಂಗ್ ಚೆಂಗ್‌ಫುವಿನ ಮುಖ್ಯ ಪುಸ್ತಕ 1934ರಲ್ಲಿ ಬಂತು; ಬರವಣಿಗೆಯಲ್ಲಿ ಶಿಷ್ಯ ಜೆಂಗ್ ಮಾನ್‌ಚಿಂಗ್ ಕೈಯಿದೆ. ದಪ್ಪ ಮೈಯ ಮನುಷ್ಯ, ಆದರೆ ಫೋಟೋಗಳಲ್ಲಿ ಹಗುರಾಗಿ ನಿಂತಿದ್ದಾನೆ. ಅದೇ 1934ರಲ್ಲೇ, ಮೈಸೂರು ಅರಮನೆಯ ಆಶ್ರಯದಲ್ಲಿದ್ದ ತಿರುಮಲೈ ಕೃಷ್ಣಮಾಚಾರ್ಯರ ಯೋಗ ಮಕರಂದ ಫೋಟೋಗಳ ಸಮೇತ ಅಚ್ಚಾಯಿತು, ಅದೂ ಕನ್ನಡದಲ್ಲಿ. ಗುರುಮುಖದಿಂದ ಮಾತ್ರ ಬರಬೇಕೆಂದಿದ್ದ ಎರಡು ವಿದ್ಯೆಗಳು ಒಂದೇ ವರ್ಷ ಕ್ಯಾಮೆರಾದ ಮುಂದೆ ನಿಂತು ಪುಸ್ತಕವಾದವು. ಆಸನದ ಫೋಟೋ ನೋಡಿ ಆಸನ ಹಾಕಲು ಅಷ್ಟಿಷ್ಟಾದರೂ ಸಾಧ್ಯ, ಅಲ್ಲಿ ನಿಲುಗಡೆಯಿದೆ. ತೈ ಚಿಯಲ್ಲಿ ನಿಲುಗಡೆಯೇ ಇಲ್ಲ. ಒಂದು ಫೋಟೋಕ್ಕೂ ಇನ್ನೊಂದಕ್ಕೂ ನಡುವೆ ಏನಾಯಿತೋ ಅದೇ ತೈ ಚಿ. ಚೆನ್ ಮನೆತನದ ಚೆನ್ ಷಿನ್ ಎಂಬ ಹಿರಿಯ ಈ ಕಷ್ಟ ಮೊದಲೇ ಅರಿತಿದ್ದ. 1908ರಿಂದ 1919ರವರೆಗೆ ಕೂತು ಬರೆದ ತನ್ನ ಗ್ರಂಥದಲ್ಲಿ ಮನುಷ್ಯನ ಮೈಮೇಲೆ ಸುರುಳಿ ಸುರುಳಿಯಾಗಿ ಗೆರೆ ಎಳೆದು, ಬಲ ಹೀಗೆ ತಿರುಚಿಕೊಂಡು ಹೋಗುತ್ತದೆ ಎಂದು ತೋರಿಸಲು ಹೆಣಗಿದ. 1929ರಲ್ಲಿ ತೀರಿಕೊಂಡ, ಪುಸ್ತಕ ಅಚ್ಚಾದದ್ದು 1933ರಲ್ಲಿ. ನನಗೆ ಈ ಎಲ್ಲರಲ್ಲಿ ಹತ್ತಿರದವನೆನಿಸುವುದು ಆ ಮುದುಕನೇ. ಕಾಗದದಲ್ಲಿ ಹಿಡಿಯಲಾಗದ್ದು ಎಂದು ಗೊತ್ತಿದ್ದೂ ಬರೆದವನು.

ನಾನು ಕೊನೆಗೆ ಹಿಡಿದದ್ದು 24 ಭಂಗಿಗಳ ಸರಳ ವರಸೆ. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಇಲಾಖೆ ಯಾಂಗ್ ಪದ್ಧತಿಯಿಂದ ಆರಿಸಿ ಹೊಂದಿಸಿಕೊಟ್ಟದ್ದು. ಐದಾರು ನಿಮಿಷದ್ದು. ಕಾಡುಕುದುರೆಯ ಕೇಸರ ಬೇರ್ಪಡಿಸುವುದು, ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಮೋಡದಂತೆ ಕೈಯಾಡಿಸುವುದು. ಶುದ್ಧವಾದಿಗಳು ಇದನ್ನು ಸರ್ಕಾರಿ ತೈ ಚಿ ಎಂದು ಮೂಗು ಮುರಿಯುತ್ತಾರೆ. ಮುರಿಯಲಿ. ಪುಸ್ತಕ ಗೋಡೆಗೆ ಒರಗಿಸಿ ಮಹಡಿಯ ಮೇಲೆ ಮಾಡುವವಳಿಗೆ ಅಷ್ಟೇ ಸಾಕಾಗಿತ್ತು. ಮೊಣಕಾಲಿನ ವಿಷಯದಲ್ಲಿ ಮಾತ್ರ ಪುಸ್ತಕಗಳು ನನ್ನನ್ನು ಕಾಪಾಡಿದವು: ಮೊಣಕಾಲು ಕಾಲ್ಬೆರಳಿನ ದಿಕ್ಕಿಗೇ ಇರಬೇಕು, ಬೆರಳನ್ನು ದಾಟಬಾರದು, ತೂಕ ಬಿಟ್ಟ ಪಾದವನ್ನು ಹಾಗೇ ತಿರುಗಿಸಬಾರದು, ತೂಕ ತೆಗೆದು ತಿರುಗಿಸಬೇಕು. ಹೇಳಿಕೊಟ್ಟು ಬರುವ ವಿದ್ಯೆ ಎಂದಾದರೆ ಇಷ್ಟು ಬಂತು.

ಎರಡು ವರ್ಷದ ಹಿಂದೆ ಮಗಳು ದಸರಾ ರಜೆಗೆ ಬಂದಿದ್ದಳು. ತೈ ಚಿಯಲ್ಲಿ ಕೈ ತಳ್ಳಾಟ ಎಂಬ ಅಭ್ಯಾಸವಿದೆ. ಇಬ್ಬರು ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬರು ಮೆಲ್ಲಗೆ ತಳ್ಳುವುದು, ಇನ್ನೊಬ್ಬರು ಅದನ್ನು ತಡೆಯದೆ, ಓಡಿಯೂ ಹೋಗದೆ, ಸೊಂಟ ತಿರುಗಿಸಿ ದಾರಿ ಬಿಡುವುದು. ಎದುರಿನವರ ಬಲವನ್ನು ಚರ್ಮದಿಂದ ಆಲಿಸಬೇಕು ಎನ್ನುತ್ತಾರೆ. ಇದೊಂದನ್ನು ಒಬ್ಬರೇ ಓದಿ ಮಾಡುವಂತಿಲ್ಲ. ಮಗಳಿಗೆ ಐದು ನಿಮಿಷ ವಿವರಿಸಿದೆ, ತತ್ತ್ವವನ್ನೂ ಸೇರಿಸಿ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ. ಅವಳು ಮಣಿಕಟ್ಟು ತಂದು ನನ್ನದಕ್ಕೆ ಒತ್ತಿಟ್ಟಳು. ನಾನು ಕಾದೆ, ಆಲಿಸುತ್ತಿದ್ದೇನೆ ಎಂದುಕೊಂಡೆ.

'ಅಮ್ಮ, ನಾನಿನ್ನೂ ತಳ್ಳೇ ಇಲ್ಲ. ನೀನು ಆಗ್ಲೇ ಯಾಕೆ ತಡೀತಿದ್ದೀಯ?' ಅಂದಳು.

ನನ್ನ ತೋಳು ಕಟ್ಟಿಗೆಯಾಗಿತ್ತು, ಭುಜ ಕಿವಿಯ ಹತ್ತಿರ ಬಂದಿತ್ತು. ಸಡಿಲ ಬಿಡಲು ನೋಡಿದೆ. ಸಡಿಲ ಬಿಡಲೂ ಬಲ ಹಾಕುತ್ತಿದ್ದೆ. ಮತ್ತೆ ಮಾಡಿದೆವು. ಅವಳು ನಕ್ಕಳು, ನಾನೂ ನಕ್ಕೆ, ತೋಳು ಮಾತ್ರ ಹಾಗೇ ಇತ್ತು. 'ನಾನೇನಾದ್ರೂ ಹೇಳೋಕೆ ಬಂದ್ರೂ ನೀನು ಹಿಂಗೇನೇ' ಎಂದು ಹೇಳಿ ಅವಳು ಕಾಫಿ ಮಾಡಲು ಒಳಗೆ ಹೋದಳು. ಅವಳು ಮನಸ್ಸಿಗೆ ಹಚ್ಚಿಕೊಂಡು ಹೇಳಿದ್ದಲ್ಲ.

ಇಮ್ಮಡಿ ಭಾರಕ್ಕೆ ಇನ್ನೊಂದು ಅರ್ಥವೂ ಇದೆ ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ನಮ್ಮ ಎರಡು ಕಾಲಿನ ಮಾತಲ್ಲ, ಎದುರಿನವನು ಬಲ ಹಾಕಿದ ಜಾಗದಲ್ಲೇ ನಾವೂ ಬಲ ಹಾಕುವುದು ಎಂದು ಅವರ ವಾದ. ನಾನು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 'ದೂರಾನ್ವಯ' ಎಂದು ಬರೆದಿದ್ದೆ. ಆ ದಿನ ರಾತ್ರಿ ಪುಸ್ತಕ ತೆಗೆದು ನೋಡಿದರೆ, ಅದೊಂದೇ ಅಲ್ಲ, ಬಹುಪಾಲು ಪುಟಗಳ ಅಂಚಿನಲ್ಲಿ ನನ್ನ ತಕರಾರುಗಳಿದ್ದವು. ಪ್ರಶ್ನಾರ್ಥಕ ಚಿಹ್ನೆ, ಆಶ್ಚರ್ಯಸೂಚಕ, 'ಆಧಾರ?', 'ಹೌದೇ?'. ಲೇಖಕ ಮಾತು ಮುಗಿಸುವ ಮೊದಲೇ ಅಂಚಿನಲ್ಲಿ ನಾನು ತಡೆದು ನಿಂತಿದ್ದೆ. ಒಪ್ಪಿದ ಕಡೆಗಳಲ್ಲಿ ಅಡಿಗೆರೆ ಎಳೆದಿದ್ದೆ, ಅವೆಲ್ಲ ನನಗೆ ಮೊದಲೇ ಗೊತ್ತಿದ್ದ, ನನ್ನ ಅಭಿಪ್ರಾಯವೇ ಆಗಿದ್ದ ಮಾತುಗಳು. ಇಷ್ಟು ವರ್ಷ ವಿಮರ್ಶಾತ್ಮಕ ಓದು ಎಂದು ಮಕ್ಕಳಿಗೆ ಕಲಿಸಿದ್ದು ಇದನ್ನೇ ಏನು? ಪೂರ್ತಿ ಹಾಗಲ್ಲ ಎಂದು ಈಗಲೂ ವಾದಿಸಬಲ್ಲೆ. ಟಾಂಗ್ ಹಾವೋ ತಕರಾರು ತೆಗೆಯದಿದ್ದರೆ ನಾವು ಇವತ್ತಿಗೂ ಹಾವು ಹಕ್ಕಿಯ ಕತೆ ನಂಬಿಕೊಂಡಿರುತ್ತಿದ್ದೆವು. ಆದರೆ ಅವನು ತಕರಾರು ತೆಗೆಯುವ ಮೊದಲು ಹಳ್ಳಿಗೆ ಹೋಗಿದ್ದ, ಅಲ್ಲಿಯವರ ಮಾತು ಕೇಳಿದ್ದ, ಕಾಗದ ನೋಡಿದ್ದ.

ಈಗ ಪೆನ್ಸಿಲನ್ನು ದೂರವಿಟ್ಟು ಓದುತ್ತೇನೆ. ಒಂದು ಪುಸ್ತಕವನ್ನು ಮೊದಲ ಸಲ ಓದುವಾಗ ಅದು ಹೋಗುವ ದಿಕ್ಕಿಗೆ ಹೋಗುತ್ತೇನೆ. ಜಗಳವಿದ್ದರೆ ಎರಡನೆಯ ಸಲಕ್ಕೆ. ನನ್ನ ಕುತ್ತಿಗೆಗಿಂತ ಮೊದಲು ಸಡಿಲವಾದದ್ದು ನನ್ನ ಓದು. ಕುತ್ತಿಗೆ ಹಾಗೇ ಇದೆ, ಅಂದರೆ ಬೆಳಗಿನ ಹೊತ್ತು ತುಸು ವಾಸಿ. ತೈ ಚಿಯಿಂದ ಏನೇನು ವಾಸಿಯಾಗುತ್ತದೆ ಎಂದು ಉತ್ಸಾಹದಿಂದ ಕೇಳುವವರಿದ್ದಾರೆ. ಅವರಿಗೆ ನಾನು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದ ವಿಷಯ ಹೇಳುತ್ತಿದ್ದೆ: ಪಾರ್ಕಿನ್ಸನ್ ಕಾಯಿಲೆಯ 195 ಜನ, 24 ವಾರ, ತೈ ಚಿ ಮಾಡಿದವರ ಸಮತೋಲ ಉಳಿದ ವ್ಯಾಯಾಮ ಮಾಡಿದವರಿಗಿಂತ ಉತ್ತಮಗೊಂಡಿತು. ಅವರೆಲ್ಲ ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, ಕಲಿಸುವವರ ಎದುರು ತರಗತಿಯಲ್ಲಿ ಮಾಡಿದವರು ಎಂಬ ಅಂಶವನ್ನು ಹೇಳದೆ ಬಿಡುತ್ತಿದ್ದೆ. ಆ ಫಲ ನನ್ನ ಮಹಡಿಗೆ ಅನ್ವಯಿಸುವುದಿಲ್ಲ. ಈಗ ಅದನ್ನೂ ಸೇರಿಸಿ ಹೇಳುತ್ತೇನೆ.

ಪುಸ್ತಕದಿಂದ ತೈ ಚಿ ಬರುತ್ತದೆಯೇ ಎಂದರೆ, ಚಲನೆಗಳ ಕ್ರಮ ಬರುತ್ತದೆ, ಅದರ ಇತಿಹಾಸ ಬರುತ್ತದೆ, ಎಚ್ಚರಿಕೆಯಿದ್ದರೆ ಮೊಣಕಾಲು ಉಳಿಯುತ್ತದೆ. ಎದುರಿನವರ ಕೈ ತಾಗಿದಾಗ ಏನು ಮಾಡಬೇಕೆಂಬುದು ಬರುವುದಿಲ್ಲ. ಮಗಳು ವರ್ಷಕ್ಕೊಮ್ಮೆ ಬರುತ್ತಾಳೆ, ಅದು ಸಾಲದು. ಮೈಸೂರಿನಲ್ಲೋ ಸುತ್ತಮುತ್ತಲೋ ಕೈ ತಳ್ಳಾಟ ಬಲ್ಲವರು ಇದನ್ನು ಓದುತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಒಂದು ಸಾಲು ಬರೆಯಿರಿ. ನನ್ನ ಮಗಳ ವಯಸ್ಸಿನವರಾದರೂ ಅಡ್ಡಿಯಿಲ್ಲ, ಹೇಳಿದ ಜಾಗಕ್ಕೆ ನಾನೇ ಬರುತ್ತೇನೆ.